ಹಸಿವಿಲ್ಲದ ಗಾಳ



ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಬಣ್ಣಾರಿ ದಾಟಿದರೆ ಭವಾನಿಸಾಗರ ಅಣೆಕಟ್ಟು ದೂರವಿಲ್ಲ. ನಮ್ಮ ಬೆಟ್ಟಗಳ ಬುಡದಲ್ಲಿ ಹರಿಯುವ ಮೋಯಾರ್ ಹೊಳೆಯೂ ಭವಾನಿ ನದಿಯೂ ಅಲ್ಲಿ ಕೂಡುತ್ತವೆ. ಎರಡರ ತವರೂ ನೀಲಗಿರಿ. ಅಲ್ಲಿನ ಮುಕುರ್ತಿ, ಮೇಲ್ ಭವಾನಿಯಂಥ ದೊಡ್ಡ ಕೆರೆಗಳ ತಣ್ಣೀರಿನಲ್ಲಿ ಟ್ರೌಟ್ ಎಂಬ ಮೀನಿದೆ. ಅದು ಈ ನಾಡಿನದಲ್ಲ. ತಮ್ಮ ಊರಿನ ಆಟವನ್ನು ಇಲ್ಲಿಯೂ ಆಡಬೇಕೆಂದು ಬ್ರಿಟಿಷರು ತರಿಸಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿಸ್ ಡೇ ಪ್ರಯತ್ನಿಸಿ ಸೋತರು. 1907ರ ಸುಮಾರಿಗೆ ಎಚ್. ಸಿ. ವಿಲ್ಸನ್ ಅವಲಾಂಚ್ ಎಂಬಲ್ಲಿ ಮರಿ ಮಾಡಿಸಿ ಗೆದ್ದರು.

ಈ ಮೀನು ಹಿಡಿಯುವ ಬಗೆಯೇ ಬೇರೆ. ಎರೆಹುಳು ಬೇಡ. ಗಾಳದ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ನೊಣದಂತೆ ಮಾಡುತ್ತಾರೆ. ಆ ನೊಣಕ್ಕೆ ತೂಕವಿಲ್ಲ. ಆದ್ದರಿಂದ ಭಾರವಾದ ದಾರವನ್ನೇ ಹಿಂದೆ ಮುಂದೆ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಗಾಳಿ ಯಾವ ಕಡೆಯದು, ಯಾವ ಹುಳು ಹಾರುತ್ತಿದೆ ಎಂದು ತಿಳಿದಿರಬೇಕು. ಸಿಕ್ಕ ಮೀನನ್ನು ದಣಿಸಿ ದಡಕ್ಕೆಳೆದು, ಕೊಕ್ಕೆ ಬಿಡಿಸಿ, ಅನೇಕರು ಮತ್ತೆ ನೀರಿಗೇ ಬಿಡುತ್ತಾರೆ.

ಹಾಗಾದರೆ ಬಿಡುವವನು ದಯಾಳು, ತಿನ್ನುವವನು ಕ್ರೂರಿಯೇ?

ಮೀನು ಹಿಡಿಯುವುದು ಪಾಪವೆಂದು ಪ್ರಭು ಯೇಸು ಹೇಳಲಿಲ್ಲ. ಸಂತ ಪೇತ್ರರೇ ಬಲೆಗಾರರು. ಪುನರುತ್ಥಾನದ ಬಳಿಕ ತಿಬೇರಿಯ ಸರೋವರದ ದಡದಲ್ಲಿ ಪ್ರಭುವೇ ಕೆಂಡದ ಮೇಲೆ ಮೀನು ಸಿದ್ಧಮಾಡಿ, ರಾತ್ರಿಯಿಡೀ ದುಡಿದು ಬಂದ ಶಿಷ್ಯರಿಗೆ ಕೊಟ್ಟರು. ಆ ಮೀನು ಹಸಿದವರ ಅನ್ನವಾಯಿತು. ಆಟಕ್ಕೆ ಹಿಡಿದು ಬಿಟ್ಟ ಮೀನಿನ ಒದ್ದಾಟ ಯಾರ ಹಸಿವನ್ನು ತಣಿಸಿತು? ಅಗತ್ಯವಿಲ್ಲದೆ ಪ್ರಾಣಿಗಳನ್ನು ನೋಯಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲವೆಂದು ಧರ್ಮಸಭೆಯ ಧರ್ಮೋಪದೇಶ (2418) ಬೋಧಿಸುತ್ತದೆ. ನಮಗೆ ಉಪಯೋಗವಿರಲಿ ಇಲ್ಲದಿರಲಿ, ಪ್ರತಿ ಜೀವಿಗೂ ದೇವರ ಮುಂದೆ ಬೆಲೆಯಿದೆ ಎಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ಪತ್ರದಲ್ಲಿ ನೆನಪಿಸಿದರು.

ಗಾಳದವನಿಗೂ ಒಂದು ಮಾತಿದೆ: “ನಾನು ಕೆರೆಯನ್ನು ಬರಿದು ಮಾಡುವುದಿಲ್ಲ. ಪ್ರೀತಿಸುವುದರಿಂದಲೇ ಕಾಯುತ್ತೇನೆ.” ಇದನ್ನು ತಳ್ಳಿಹಾಕಲಾಗದು. ಮಡುವಿಗೆ ಸಿಡಿಮದ್ದು ಹಾಕಿ, ವಿಷ ಬೆರೆಸಿ, ಮರಿಮೀನನ್ನೂ ಉಳಿಸದವನು “ನಾನು ತಿನ್ನಲಿಕ್ಕೆ ತಾನೇ ಹಿಡಿದದ್ದು” ಎಂದರೆ ಒಪ್ಪಲಾದೀತೇ? ಹಸಿವಿಗೂ ಒಂದು ಮಿತಿ ಇರಬೇಕು.

ಆದ್ದರಿಂದ ನಮಗೆ ತೋರುವುದು ಇಷ್ಟು: ಊಟಕ್ಕೆ ಬೇಕಾದಷ್ಟು ಹಿಡಿಯುವುದು ತಪ್ಪಲ್ಲ. ಹಿಡಿದದ್ದನ್ನು ನರಳಿಸದೆ ಬೇಗ ಕೊಲ್ಲಬೇಕು, ಮರಿಗಳನ್ನು ಉಳಿಸಬೇಕು. ಆದರೆ ನಮ್ಮ ಕೈಚಳಕದ ಸಂತೋಷಕ್ಕಾಗಿ ಒಂದು ಜೀವವನ್ನು ದಣಿಸುವುದನ್ನು, ಕೊನೆಗೆ ಬಿಟ್ಟುಕೊಟ್ಟರೂ, ದಯೆ ಎನ್ನಲಾರೆವು. ಕೆರೆಯ ಶಾಂತಿಯೇ ಬೇಕಾದರೆ ಗಾಳವಿಲ್ಲದೆಯೂ ದಡದಲ್ಲಿ ಕುಳಿತುಕೊಳ್ಳಬಹುದು.

ಬರುವ ಶುಕ್ರವಾರ ಮನೆಯಲ್ಲಿ ಮೀನು ಸಾರು ಮಾಡಿದಾಗ, ಊಟದ ಪ್ರಾರ್ಥನೆಗೆ ಮೊದಲು ಮಕ್ಕಳೊಡನೆ ಈ ಮಾತು ಎತ್ತಿ. ಅವರು ಏನು ಹೇಳುತ್ತಾರೆ ಕೇಳಿ.