ಉಂಡ ಮನೆಯ ಜಂತೆ, ಹೋಟೆಲಿನ ಬಿಲ್ಲು

ಹೋದ ತಿಂಗಳು ಅಕ್ಕ ಸ್ಕೂಲಿನಿಂದ ನಿವೃತ್ತಳಾದಳು. ಮೂವತ್ತನಾಲ್ಕು ವರ್ಷ ಊರವರ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳನ್ನು ಒಂದು ಹೊತ್ತಾದರೂ ಒಲೆಯ ಮುಂದಿನಿಂದ ಎಬ್ಬಿಸೋಣ ಎಂದು ಅವಳ ಮಗ ನಮ್ಮನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಮೈಸೂರಿನ ದೊಡ್ಡ ಹೋಟೆಲೊಂದಕ್ಕೆ ಕರೆದುಕೊಂಡು ಹೋದ. ನಾವು ಎಂಟು ಜನ. ಸೂಪು ಬಂತು. ಆಮೇಲೆ ಐವತ್ತು ನಿಮಿಷ ಏನೂ ಇಲ್ಲ. ರೊಟ್ಟಿ ಬಂದಾಗ ಪಲ್ಯ ಇರಲಿಲ್ಲ. ಪಲ್ಯ ಬರುವ ಹೊತ್ತಿಗೆ ರೊಟ್ಟಿ ಚಪ್ಪಲಿ ಹೊಲಿಯಲು ಆಗುವಷ್ಟು ಗಟ್ಟಿಯಾಗಿತ್ತು. ಮಕ್ಕಳಿಗೆಂದು ಹೇಳಿದ ಗೋಬಿ ಮಂಚೂರಿ ಬರಲೇ ಇಲ್ಲ. ಹನ್ನೊಂದು ಟೇಬಲ್ಲಿಗೆ ಒಬ್ಬನೇ ಸಪ್ಲಯರ್ ಹುಡುಗ, ಎಲ್ಲರಿಗೂ ‘ಎರಡೇ ನಿಮಿಷ ಸಾರ್’ ಎನ್ನುತ್ತ ಓಡುತ್ತಿದ್ದ. ಬಿಲ್ಲು ಮಾತ್ರ ಕೇಳುವ ಮೊದಲೇ, ಸೋಂಪಿನ ಬಟ್ಟಲಿನ ಜೊತೆ, ಬಿಸಿಬಿಸಿಯಾಗಿ ಬಂತು. ಅದರಲ್ಲಿ ಬಾರದ ಗೋಬಿಯೂ ಇತ್ತು, ಶೇಕಡ 10ರ ಸರ್ವೀಸ್ ಚಾರ್ಜೂ ಇತ್ತು.

ಅಕ್ಕನ ಮಗ ಸಿಎ ಓದುತ್ತಿದ್ದಾನೆ. ಬಿಲ್ಲನ್ನು ಮಡಚಿ ಬಟ್ಟಲಿನ ಕೆಳಗಿಟ್ಟು, ‘ಏಳಿ ಮಾವ, ಸುಮ್ಮನೆ ಹೊರಟುಬಿಡೋಣ. ಸರ್ವೀಸೇ ಕೊಡದವನಿಗೆ ದುಡ್ಡೇಕೆ? ಆ ಲೆಕ್ಕಕ್ಕೆ ಈ ಲೆಕ್ಕ ವಜಾ’ ಎಂದ. ನನ್ನ ಬಾಯಿಂದ ತಾನಾಗಿ ಹೊರಟದ್ದು: ‘ಉಂಡ ಮನೆಯ ಜಂತೆ ಎಣಿಸಬಾರದು ಕಣೋ.’ ಅವನು ತಲೆಯೆತ್ತಿ ನೋಡಿದ. ಮೇಲೆ ಪಿಒಪಿ ಸೀಲಿಂಗು, ನೀಲಿ ದೀಪ. ‘ಇಲ್ಲಿ ಜಂತೆ ಎಲ್ಲಿದೆ ಮಾವ?’

ಪ್ರಶ್ನೆ ತಮಾಷೆಯದೇ. ಆದರೆ ಅಂದಿನಿಂದ ಈ ಗಾದೆ ನನ್ನನ್ನು ಬಿಟ್ಟಿಲ್ಲ. ಕೆಲವು ಕಡೆ ಜಂತೆಯ ಬದಲು ‘ಗಳ ಎಣಿಸಬಾರದು’ ಎನ್ನುತ್ತಾರೆ. ಗಳವೋ ಜಂತೆಯೋ, ತಗಾದೆ ಅದರದಲ್ಲ. ಉಂಡವನು ಯಾಕೆ ಎಣಿಸುತ್ತಾನೆ ಎಂಬುದೇ ನನ್ನ ತಗಾದೆ.

ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದಾಗ ನಾವೆಲ್ಲ ಬರೆದದ್ದು ‘ಉಪಕಾರ ಮಾಡಿದವರಿಗೆ ದ್ರೋಹ ಬಗೆಯಬಾರದು’ ಎಂದು. ಐದಕ್ಕೆ ಮೂರು ಅಂಕ ಬರುತ್ತಿತ್ತು, ಅದರ ಯೋಗ್ಯತೆಯೂ ಅಷ್ಟೇ. ದ್ರೋಹವನ್ನೇ ಹೇಳಬೇಕಿದ್ದರೆ ‘ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ’ ಎಂಬ ಇನ್ನೊಂದು ಗಾದೆ ಸಿದ್ಧವಾಗಿಯೇ ಇದೆ. ಒಂದೇ ಕೆಲಸಕ್ಕೆ ನಮ್ಮ ಹಿರಿಯರು ಎರಡು ಕುಡುಗೋಲು ಮಾಡಿಸುವವರಲ್ಲ. ಇನ್ನು ಕೆಲವರು ಜಂತೆ ಎಣಿಸುವುದೆಂದರೆ ಕಳ್ಳ ಕನ್ನ ಹಾಕುವ ಮೊದಲು ಮನೆಯ ಅಳತೆ ನೋಡುವುದು ಎನ್ನುತ್ತಾರೆ. ಕನ್ನ ಕೊರೆಯುವುದು ಗೋಡೆಗೆ, ಜಂತೆಗಲ್ಲ. ಬೀಗರು ಮನೆಯ ಸಿರಿವಂತಿಕೆ ಅಂದಾಜು ಮಾಡುವುದು ಎಂಬ ಅರ್ಥವೂ ಉಂಟು. ಎಷ್ಟು ಅಂಕಣದ ಮನೆ ಎಂದು ಕೇಳಿ ಹೆಣ್ಣು ಕೊಡುತ್ತಿದ್ದ ಕಾಲದಲ್ಲಿ ಇದು ಒಪ್ಪುವಂಥದ್ದೇ. ಆದರೆ ಬೀಗರು ಆ ಕೆಲಸವನ್ನು ಊಟಕ್ಕೆ ಕೂರುವ ಮೊದಲೇ ಮುಗಿಸಿರುತ್ತಾರೆ.

ಮಾಳಿಗೆ ಮನೆಯಲ್ಲಿ ಹಬ್ಬದೂಟ ಉಂಡವರಿಗೆ ಇದು ಬೇರೆ ರೀತಿ ಹೊಳೆಯುತ್ತದೆ. ಹೋಳಿಗೆ ತುಸು ಹೆಚ್ಚಾಗಿರುತ್ತದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಅಂಗಾತ ಬೀಳುತ್ತೀರಿ. ಆಗ ಕಣ್ಣಿಗೆ ಬೇರೇನೂ ಕಾಣುವುದಿಲ್ಲ, ಜಂತೆಗಳೇ. ಒಂದು ಸೊಟ್ಟಗಿದೆ, ಒಂದಕ್ಕೆ ಗೆದ್ದಲು ಹಿಡಿದಿದೆ, ಒಂದು ಹೊಗೆಯಿಂದ ಕಪ್ಪಾಗಿದೆ. ಹಸಿದು ಬಂದಾಗ ನಿಮಗೆ ಇವ್ಯಾವೂ ಕಂಡಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಕಂಡಿತು. ಗಾದೆಯ ಜೀವ ಇರುವುದು ‘ಉಂಡ’ ಎಂಬ ಮೊದಲ ಮಾತಿನಲ್ಲಿ. ‘ಉಣ್ಣುವ ಮನೆ’ ಎಂದಿಲ್ಲ, ‘ಉಣ್ಣಬೇಕಾದ ಮನೆ’ ಎಂದಿಲ್ಲ. ಉಣ್ಣುವ ಮೊದಲು ಜಂತೆ ಎಣಿಸಿ, ಗೋಡೆ ತಟ್ಟಿ ನೋಡಿ, ಬೇಡವೆನಿಸಿದರೆ ಎದ್ದು ಹೋಗಿ; ಗಾದೆ ಬಾಯಿ ಬಿಡುವುದಿಲ್ಲ.

ಎರಡನೆಯದು ‘ಎಣಿಸು’. ‘ನೋಡಬಾರದು’ ಎಂದಿದ್ದರೆ ಕಣ್ಣು ಮುಚ್ಚಿಕೊಳ್ಳಬೇಕಿತ್ತು, ‘ಆಡಬಾರದು’ ಎಂದಿದ್ದರೆ ಬಾಯಿ ಹೊಲಿದುಕೊಳ್ಳಬೇಕಿತ್ತು. ಗಾದೆ ತಡೆದದ್ದು ಎಣಿಕೆಯನ್ನು. ಎಣಿಸುವುದು ಯಾರು? ಕೊಡುವವನು, ಕೊಳ್ಳುವವನು, ಲೆಕ್ಕ ಚುಕ್ತಾ ಮಾಡುವವನು. ಜಂತೆಯಲ್ಲಿ ಗೆದ್ದಲು ಹಿಡಿದದ್ದು ನಾಲ್ಕು, ಹೋಳಿಗೆ ತಿಂದದ್ದೂ ನಾಲ್ಕು. ಅಲ್ಲಿಗೆ ಋಣ ಸಮ. ನನ್ನ ಮಟ್ಟಿಗೆ ಗಾದೆ ಬೇಡವೆನ್ನುವುದು ಈ ವಜಾ ಮಾಡುವ ಬುದ್ಧಿಯನ್ನು. ಅನ್ನದ ಖಾತೆ ಬೇರೆ, ಜಂತೆಯ ಖಾತೆ ಬೇರೆ. ಜಂತೆ ಸೊಟ್ಟಗಿದ್ದರೆ ಸೊಟ್ಟಗಿದೆ ಎಂದು ಯಜಮಾನನಿಗೆ ಹೇಳಿ, ಬೇಕಾದರೆ ಜೋರಾಗಿಯೇ ಹೇಳಿ. ಅದನ್ನು ಹೋಳಿಗೆಯ ಋಣದಿಂದ ಕಳೆಯಬೇಡಿ.

ಇದು ನನ್ನದೇ ಹೊಸ ಕಲ್ಪನೆ ಎಂದುಕೊಂಡಿದ್ದೆ. ನಮ್ಮ ಬೀದಿಯ ವಕೀಲರು 1872ರ ಕರಾರು ಕಾಯ್ದೆಯ 70ನೇ ಕಲಮು ತೋರಿಸಿದರು. ಒಬ್ಬ ಇನ್ನೊಬ್ಬನಿಗೆ ಕಾನೂನುಬದ್ಧವಾಗಿ ಏನನ್ನಾದರೂ ಮಾಡಿಕೊಟ್ಟರೆ ಅಥವಾ ಒದಗಿಸಿದರೆ, ಪುಕ್ಕಟೆಯಾಗಿ ಕೊಡುವ ಉದ್ದೇಶ ಇಲ್ಲದಿದ್ದರೆ, ಪಡೆದವನು ಅದರ ಲಾಭ ಅನುಭವಿಸಿದ್ದರೆ, ಅನುಭವಿಸಿದ್ದಕ್ಕೆ ಪ್ರತಿಫಲ ಕೊಡಲು ಬದ್ಧ. ಅಲ್ಲಿಯೂ ಕೀಲಿ ಲಾಭ ‘ಅನುಭವಿಸುವ’ ಮಾತಿನಲ್ಲೇ ಇದೆ. ನಮ್ಮಜ್ಜಿಯಂದಿರ ‘ಉಂಡ’ ಎಂಬ ಎರಡಕ್ಷರವನ್ನು ಬ್ರಿಟಿಷರ ಕಾಲದ ಕಾಯ್ದೆ ಉದ್ದುದ್ದ ಹೇಳಿದೆ, ಅಷ್ಟೆ. ಉಣ್ಣದೆ ಎದ್ದರೆ ಈ ಕಲಮು ನಿಮ್ಮನ್ನು ಕಟ್ಟುವುದಿಲ್ಲ; ಉಂಡರೆ, ಉಂಡಷ್ಟಕ್ಕೆ ಕಟ್ಟುತ್ತದೆ.

ಉಂಡಷ್ಟಕ್ಕೆ ಮಾತ್ರ. ಬಾರದ ಗೋಬಿಗೆ ಹಣ ಕೊಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ. ಸರ್ವೀಸ್ ಚಾರ್ಜಂತೂ ಬೇಡವೇ ಬೇಡ. ಅದನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲ್ ಮಾಲೀಕರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಆದರೂ ಬಿಲ್ಲಿನ ಕೆಳಸಾಲಿನಲ್ಲಿ, ಜಿಎಸ್‌ಟಿಯ ಹೆಗಲಿಗೆ ಹೆಗಲು ಕೊಟ್ಟು, ಅದೂ ಸರ್ಕಾರಿ ತೆರಿಗೆಯೇ ಎಂಬ ಗತ್ತಿನಲ್ಲಿ ಕೂತಿರುತ್ತದೆ. ತೆಗೆಯಿರಿ ಎನ್ನಿ. ಒಪ್ಪದಿದ್ದರೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಗಾದೆ ಹೇಳುತ್ತಿರುವುದನ್ನು ಕೇಳಿ ಹೋಟೆಲಿನವರು ನನ್ನನ್ನು ತಮ್ಮ ಕಡೆಯವನೆಂದು ತಿಳಿಯಬಾರದು, ಅದಕ್ಕೇ ಇಷ್ಟು ಹೇಳಿದೆ.

ಅಕ್ಕನ ಮಗನ ಇನ್ನೊಂದು ವಾದವಿತ್ತು: ಹೋಟೆಲು ಮನೆಯಲ್ಲ, ಆದ್ದರಿಂದ ಗಾದೆ ಇಲ್ಲಿಗೆ ಹೊಂದುವುದಿಲ್ಲ. ಹೋಟೆಲು ಮನೆಯಲ್ಲ, ಸರಿ. ಆದರೆ ಈ ವಾದ ಅವನ ಕಾಲಿಗೇ ಸುತ್ತಿಕೊಳ್ಳುತ್ತದೆ. ಮನೆಯಾಗಿದ್ದರೆ ಉಂಡು ಕೈತೊಳೆದು, ಕೃತಜ್ಞತೆಯಿಂದ ಹೊರಡಬಹುದಿತ್ತು. ಧರ್ಮಸ್ಥಳದಲ್ಲಿ, ಸಿದ್ಧಗಂಗೆಯ ದಾಸೋಹದಲ್ಲಿ ಎಲೆ ಎತ್ತಿದವರನ್ನು ಯಾರೂ ಬಿಲ್ಲು ಕೇಳುವುದಿಲ್ಲ. ಹೋಟೆಲಿನಲ್ಲಿ ಕೃತಜ್ಞತೆ ಬೇಕಿಲ್ಲ, ಕಾಸು ಬೇಕು. ಮನೆಯೂ ಅಲ್ಲ, ಕಾಸೂ ಇಲ್ಲ ಎಂದರೆ ಅದಕ್ಕೆ ಬೇರೆ ಗಾದೆಯಿದೆ: ಉಂಡೂ ಹೋದ, ಕೊಂಡೂ ಹೋದ. ನಾಗತಿಹಳ್ಳಿ ಚಂದ್ರಶೇಖರ್ 1992ರಲ್ಲಿ ಆ ಹೆಸರಿನ ಸಿನಿಮಾ ಮಾಡಿ ನಮ್ಮನ್ನೆಲ್ಲ ನಗಿಸಿದರು. ನಗುವುದು ಪರದೆಯ ಮೇಲಿನವನನ್ನು ನೋಡಿ.

ಹಳೆಯ ಉಡುಪಿ ಹೋಟೆಲುಗಳಲ್ಲಿ ಇದಕ್ಕೆಲ್ಲ ಒಂದು ಏರ್ಪಾಡಿತ್ತು. ಬಿಲ್ಲಿನ ಚೀಟಿಯೇ ಇಲ್ಲದ ಕಡೆ ಮಾಣಿ ಒಳಗಿನಿಂದ ಗಲ್ಲಾದ ಕಡೆಗೆ ಕೂಗುತ್ತಿದ್ದ: ‘ಕನ್ನಡಕದವರು ಒಂದು ಎಂಬತ್ತು, ಹಿಂದಿನವರು ಎರಡು ಹತ್ತು!’ ನೀವು ಮಸಾಲೆ ತಿಂದಿರೋ ಬರೀ ಕಾಫಿ ಕುಡಿದಿರೋ ಇಡೀ ಹೋಟೆಲಿಗೆ ಗೊತ್ತಾಗುತ್ತಿತ್ತು. ತಪ್ಪಿಸಿಕೊಂಡರೆ ಹಿಟ್ಟು ರುಬ್ಬಿಸುತ್ತಾರೆ ಎಂಬ ಹೆದರಿಕೆ ಬೇರೆ. ನಾನಂತೂ ಹಾಗೆ ರುಬ್ಬಿದವರನ್ನು ಕಂಡಿಲ್ಲ. ಕಂಡೆನೆಂದವರೆಲ್ಲ ಸಿನಿಮಾದಲ್ಲಿ ಕಂಡವರು. ಆದರೆ ಆ ಶಿಕ್ಷೆಯ ಲೆಕ್ಕಾಚಾರ ನನಗೆ ಇಷ್ಟ. ತಿಂದದ್ದು ದೋಸೆ, ತೀರಿಸುವುದು ದೋಸೆ ಹಿಟ್ಟಿನಲ್ಲಿ. ಜಂತೆಯ ಮಾತೇ ಇಲ್ಲ.

1980ರ ದಶಕದಲ್ಲಿ ಬೆಂಗಳೂರಿಗೆ ದರ್ಶಿನಿಗಳು ಬಂದವು. ಮೊದಲು ಟೋಕನ್, ಆಮೇಲೆ ಇಡ್ಲಿ. ತಿಂದು ಓಡಿಹೋಗುವ ಪ್ರಶ್ನೆಯನ್ನೇ ಅವು ತೆಗೆದುಹಾಕಿದವು. ಗಿರಾಕಿಯ ಕೈಯಲ್ಲಿದ್ದ ಹಣದ ಬೆದರಿಕೆಯೂ ಜೊತೆಗೇ ಹೋಯಿತು. ಹಾಗಾದರೆ ದರ್ಶಿನಿಯ ಇಡ್ಲಿ ಹಾಳಾಗಬೇಕಿತ್ತಲ್ಲ? ಆಗಲಿಲ್ಲ. ಚಟ್ನಿ ನೀರಾದ ದಿನ ಜನ ಜಗಳವಾಡುವುದಿಲ್ಲ, ಮಾರನೆಯ ದಿನ ರಸ್ತೆ ದಾಟಿ ಎದುರಿನ ದರ್ಶಿನಿಗೆ ಹೋಗುತ್ತಾರೆ. ಮಾಲೀಕನಿಗೆ ಅದು ಬೇಗ ಅರ್ಥವಾಗುತ್ತದೆ. ದುಡ್ಡು ತಡೆಹಿಡಿದು ಪಾಠ ಕಲಿಸುತ್ತೇನೆ ಎನ್ನುವವರು ಈ ಮಾರ್ಗವನ್ನು ಯಾಕೋ ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಆ ಪಾಠ ಕಲಿಯುವುದಾದರೂ ಯಾರು? ನಮ್ಮ ಬೀದಿಯ ಕೊನೆಯಲ್ಲಿ ಬೀಡಾ ಅಂಗಡಿ ಇಟ್ಟಿರುವವರು ಕುಂದಾಪುರದ ಕಡೆಯವರು, ಹದಿನೈದು ವರ್ಷ ಹೋಟೆಲುಗಳಲ್ಲಿ ಸಪ್ಲಯರ್ ಆಗಿದ್ದವರು. ಬಿಲ್ಲು ಕೊಡದೆ ಹೋದರೆ ಏನಾಗುತ್ತಿತ್ತು ಎಂದು ಕೇಳಿದೆ. ‘ನಮ್ಮ ಲೆಕ್ಕಕ್ಕೆ ಬರೆಯೋರು ಸ್ವಾಮಿ. ಒಂದು ಸಲ ಆರು ಜನ ಊಟ ಮಾಡಿ ಹೋದ್ರು. ಆ ತಿಂಗಳು ಊರಿಗೆ ದುಡ್ಡು ಕಳಿಸಲಿಲ್ಲ’ ಎಂದು ಅಡಿಕೆ ಕತ್ತರಿಸುತ್ತಲೇ ಹೇಳಿದರು. ಎಲ್ಲ ಹೋಟೆಲಿನಲ್ಲೂ ಹೀಗೆಯೇ ಎನ್ನಲಾರೆ. ಆದರೆ ಹನ್ನೊಂದು ಟೇಬಲ್ಲಿಗೆ ಒಬ್ಬನನ್ನು ಬಿಟ್ಟು ಸಂಬಳ ಉಳಿಸಿದ ಯಜಮಾನ ಗಲ್ಲಾದ ಹಿಂದಿರುತ್ತಾನೆ, ಶಿಕ್ಷೆ ಓಡಾಡುವ ಹುಡುಗನ ಮೇಲೆ ಬೀಳುತ್ತದೆ. ಕೆಟ್ಟ ಸರ್ವೀಸ್ ಎಂದು ನಾವು ಬಯ್ಯುವುದರಲ್ಲಿ ಮುಕ್ಕಾಲು ಪಾಲು ಆ ಹುಡುಗನ ತಪ್ಪಲ್ಲ.

ಇಂಗ್ಲೆಂಡಿನಲ್ಲಿ ಕೊಡದೆ ಜಾರಿಕೊಳ್ಳುವುದಕ್ಕೆಂದೇ 1978ರ ಕಾಯ್ದೆಯಲ್ಲಿ ಒಂದು ಕಲಮಿದೆ, ಎರಡು ವರ್ಷದವರೆಗೆ ಸೆರೆ. ನಮ್ಮಲ್ಲಿ ವಂಚನೆ ಎನ್ನಬೇಕಾದರೆ ಮೊದಲಿನಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಬೇಕು. ನಿಜವಾಗಿ ಸಿಟ್ಟು ಬಂದು ಎದ್ದವನಿಗೆ ಅದಿರುವುದಿಲ್ಲ. ಅದು ಸರಿಯೇ, ಎರಡು ರೊಟ್ಟಿಗೆ ಪೊಲೀಸರನ್ನು ಕರೆಯುವ ಸಮಾಜ ನನಗೆ ಬೇಡ.

ನನಗೆ ಹೆಚ್ಚು ಸಿಟ್ಟಿರುವುದು ಈ ಗಾದೆಯನ್ನು ದೊಣ್ಣೆ ಮಾಡಿಕೊಂಡವರ ಮೇಲೆ. ಕಾರ್ಖಾನೆಯ ನೌಕರ ಸುರಕ್ಷತೆ ಇಲ್ಲವೆಂದು ಬಾಯಿಬಿಟ್ಟರೆ ‘ಉಂಡ ಮನೆಯ ಜಂತೆ ಎಣಿಸ್ತೀಯಾ?’ ಸೊಸೆ ಅತ್ತೆಮನೆಯ ಹೊಡೆತದ ಮಾತು ತವರಿನಲ್ಲಿ ಆಡಿದರೆ ಅದೇ ಗಾದೆ. ಚುನಾವಣೆ ಬಂದಾಗ ಪಡಿತರದ ಅಕ್ಕಿ ತಿಂದವರಿಗೆ ಅದೇ ಗಾದೆ, ಎಲ್ಲ ಪಕ್ಷದ ಬಾಯಲ್ಲೂ. ಅಕ್ಕಿ ಯಾರಪ್ಪನ ಮನೆಯದು? ತೆರಿಗೆಯ ದುಡ್ಡಿನದು; 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕು ಎಂದಿದೆ. ಆ ಮನೆಯ ಜಂತೆಗೂ ನಾವೇ ಮರ ಕೊಟ್ಟವರು, ಎಣಿಸದಿದ್ದರೆ ಮಾಳಿಗೆ ನಮ್ಮ ತಲೆಯ ಮೇಲೇ ಬೀಳುತ್ತದೆ. ನೌಕರ ಉಂಡದ್ದಕ್ಕೆ ದುಡಿದು ಕೊಟ್ಟಿದ್ದಾನೆ, ಸೊಸೆ ಉಂಡದ್ದಕ್ಕಿಂತ ಬೇಯಿಸಿ ಬಡಿಸಿದ್ದೇ ಹೆಚ್ಚು. ಬಿಲ್ಲು ಕೊಟ್ಟು ಮುಗಿಸಿದವರಿಗೆ ಬಾಯಿ ಮುಚ್ಚು ಎನ್ನುವ ಗಾದೆ ಅಲ್ಲ ಇದು.

ಎಷ್ಟೋ ಅಂಗಡಿ, ಹೋಟೆಲುಗಳ ಗಲ್ಲಾದ ಮೇಲೆ ಒಂದು ಬೋರ್ಡು ನೋಡಿದ್ದೀರಿ: ತೃಪ್ತಿಯಾದರೆ ಸ್ನೇಹಿತರಿಗೆ ತಿಳಿಸಿ, ಇಲ್ಲದಿದ್ದರೆ ನಮಗೆ ತಿಳಿಸಿ. ಆ ಹೋಟೆಲಿನಲ್ಲಿ ಅದಿರಲಿಲ್ಲ, ಆದರೂ ತಿಳಿಸಿದೆವು. ಅಕ್ಕನ ಮಗನ ಲೆಕ್ಕದ ಓದು ಆಗ ಉಪಯೋಗಕ್ಕೆ ಬಂತು. ಪೆನ್ನು ತೆಗೆದು ಗೋಬಿ ಹೊಡೆದುಹಾಕಿದ, ಸರ್ವೀಸ್ ಚಾರ್ಜ್ ಹೊಡೆದುಹಾಕಿದ, ಜಿಎಸ್‌ಟಿಯನ್ನು ಮತ್ತೆ ಕೂಡಿಸಿದ. ಮ್ಯಾನೇಜರು ಸಿಸ್ಟಮ್ಮಿನಲ್ಲಿ ತೆಗೆಯಲು ಬರುವುದಿಲ್ಲ ಎಂದರು. ಬರುವವರೆಗೆ ಕೂತಿರುತ್ತೇವೆ, ನೀರು ಕೊಡಿ ಎಂದೆವು. ಹತ್ತು ನಿಮಿಷದಲ್ಲಿ ಬಂತು. ಫೋನಿನಲ್ಲಿ ಸ್ಕ್ಯಾನ್ ಮಾಡಿದ. ಗಲ್ಲಾದ ಮೇಲಿನ ಪೆಟ್ಟಿಗೆ, ಹಿಂದಿನ ಕಾಲದ ಮಾಣಿಯ ಹಾಗೆಯೇ, ನಾವು ಕೊಟ್ಟ ಮೊತ್ತವನ್ನು ಇಡೀ ಹೋಟೆಲಿಗೆ ಕೇಳುವಂತೆ ಕೂಗಿತು.

ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದಾಗ ಅಕ್ಕ ಇರಲಿಲ್ಲ. ಛತ್ರಿ ಮರೆತೆ ಎಂದು ಒಳಗೆ ಹೋಗಿದ್ದಳಂತೆ. ಗಾಜಿನ ಬಾಗಿಲಿನಾಚೆ ಕಾಣುತ್ತಿತ್ತು: ಟೇಬಲ್ ಒರೆಸುತ್ತಿದ್ದ ಹುಡುಗನನ್ನು ನಿಲ್ಲಿಸಿಕೊಂಡು ಏನೋ ಕೇಳುತ್ತಿದ್ದಳು, ಬಹುಶಃ ಎಷ್ಟನೇ ಕ್ಲಾಸಿನವರೆಗೆ ಓದಿದೆ ಎಂದು. ಪರ್ಸಿನ ಜಿಪ್ಪು ತೆರೆದಿತ್ತು. ‘ಮಾವ, ಅದನ್ನು ಯಾವ ಖಾತೆಗೆ ಬರೆಯೋದು?’ ಎಂದು ಅವಳ ಮಗ ಕೇಳಿದ. ಛತ್ರಿ ಕಾರಿನ ಹಿಂದಿನ ಸೀಟಿನಲ್ಲೇ ಬಿದ್ದಿತ್ತು.