ದೂರದ ದುಡಿಮೆಗಾರನೂ ವರುಷದ ಲೆಕ್ಕವೂ

ಸದ್ಗೃಹಸ್ಥನ ಧರ್ಮವು ಅವನ ಪೂಜಾಗೃಹದಲ್ಲಿ ಎಷ್ಟರಮಟ್ಟಿಗೆ ಪ್ರಕಟವಾಗುವುದೋ, ಅವನ ಲೆಕ್ಕದ ಪುಸ್ತಕದಲ್ಲಿಯೂ ಅಷ್ಟೇಮಟ್ಟಿಗೆ ಪ್ರಕಟವಾಗುವುದು. ಪೂಜೆಯನ್ನು ನೆರೆಹೊರೆಯವರು ನೋಡುತ್ತಾರೆ. ಲೆಕ್ಕವನ್ನು ನೋಡುವವನು ಯಜಮಾನನೊಬ್ಬನೇ. ಆದುದರಿಂದಲೇ ಪೂಜೆಗಿಂತಲೂ ಲೆಕ್ಕವೇ ಅನೇಕ ವೇಳೆ ಮನುಷ್ಯನ ಅಂತರಂಗಕ್ಕೆ ಹಿಡಿದ ನಿಜವಾದ ಕನ್ನಡಿಯಾಗಿರುತ್ತದೆ. ದೀಪಾವಳಿಯಂದು ಹೊಸ ಪುಸ್ತಕಕ್ಕೆ ವಿಭೂತಿಯನ್ನು ಧರಿಸಿ ಪೂಜಿಸುವ ವ್ಯಾಪಾರಸ್ಥನು, ಆ ಪುಸ್ತಕದ ಖರ್ಚಿನ ಪುಟದಲ್ಲಿ ಪರಸ್ಥಳದಿಂದ ಬಂದ ದುಡಿಮೆಗಾರನಿಗೆ ಸಲ್ಲಬೇಕಾದುದನ್ನು ಹೇಗೆ ಬರೆದುಕೊಳ್ಳುತ್ತಾನೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಅದು ಕಾಯಕ ಮತ್ತು ದಾಸೋಹಗಳೆರಡರ ಬುಡವನ್ನೂ ಮುಟ್ಟುವ ಪ್ರಶ್ನೆ.

ಇಂದು ಕರ್ನಾಟಕದ ದುಡಿಮೆಯ ಕ್ಷೇತ್ರಗಳಲ್ಲಿ ಕನ್ನಡವಲ್ಲದ ನುಡಿಗಳು ಎಲ್ಲೆಡೆಯೂ ಕೇಳಿಬರುತ್ತವೆ. ಬೆಂಗಳೂರಿನ ಕಟ್ಟಡಗಳನ್ನು ಎತ್ತುವವರಲ್ಲಿ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳಗಳಿಂದ ಬಂದವರು ಅಸಂಖ್ಯರು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಖಾನಾವಳಿ, ಅಕ್ಕಿಗಿರಣಿ, ಇಟ್ಟಿಗೆ ಭಟ್ಟಿ, ಕಲ್ಲು ಕೊಯ್ಯುವ ಕಾರ್ಖಾನೆ, ಇವೆಲ್ಲ ದೂರದ ತೋಳುಗಳನ್ನು ನಂಬಿ ನಡೆಯುತ್ತಿವೆ. ಇದು ಕರ್ನಾಟಕಕ್ಕೆ ಹೊಸ ಅನುಭವವೂ ಅಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರಗಳ ಒಣಸೀಮೆಯ ಜನ ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಮುಂಬಯಿ, ಪುಣೆ, ಗೋವೆಗಳಿಗೆ ಗುಳೆ ಹೋಗುವುದನ್ನು ಯಾರು ಕಾಣರು? ತನ್ನ ಮಗ ಗೋವೆಯಲ್ಲಿ ಕೂಲಿಯಿಲ್ಲದೆ ಮೋಸಹೋದನೆಂದು ಕಣ್ಣೀರಿಡುವ ನಾಡು, ಬಿಹಾರದ ಯಾವ ತಾಯಿಯ ಮಗನಿಗೂ ಅದೇ ಮೋಸವನ್ನು ಮಾಡಲಾಗದು.

ಕಲ್ಯಾಣದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಹನ್ನೆರಡನೆಯ ಶತಮಾನದ ಆ ಪಟ್ಟಣವು ಪರಸ್ಥಳದವರಿಂದಲೇ ತುಂಬಿತ್ತು. ಅಲ್ಲಮಪ್ರಭು ಬಳ್ಳಿಗಾವೆಯವನು, ಸಿದ್ಧರಾಮನು ಸೊನ್ನಲಿಗೆಯವನು, ಅಕ್ಕಮಹಾದೇವಿ ಉಡುತಡಿಯವಳು. ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಬಂದವನೆಂದೂ, ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂದೂ ಸಂಪ್ರದಾಯವು ಹೇಳುತ್ತದೆ. ಕಟ್ಟಿಗೆ ಹೊತ್ತು ಬಂದವನನ್ನು ಕಲ್ಯಾಣವು ಯಾವ ದೇಶದವನೆಂದು ಕೇಳಿ ಅಳೆಯಲಿಲ್ಲ. ಅವನ ಕಾಯಕವನ್ನು ನೋಡಿ ಅಳೆಯಿತು. ಆ ಪರಂಪರೆಯ ಹೆಸರನ್ನು ಹೇಳುವವರ ಗಿರಣಿಯಲ್ಲಿ, ಅಂಗಡಿಯಲ್ಲಿ, ತೋಟದಲ್ಲಿ ದೂರದವನಿಗೆ ಒಂದು ಅಳತೆ, ಹತ್ತಿರದವನಿಗೆ ಇನ್ನೊಂದು ಅಳತೆ ಇರಬಹುದೇ?

ಈ ಪ್ರಶ್ನೆಗೆ ಭಾವುಕತೆಯಿಂದ ಉತ್ತರ ಕೊಡುವುದು ಸುಲಭ. ಅಂಕಿಗಳಿಂದ ಉತ್ತರ ಕೊಡುವುದು ಕಷ್ಟ. ಆದುದರಿಂದ ಮೊದಲು ರಾಜಶಾಸನವು ಏನನ್ನು ವಿಧಿಸಿದೆ ಎಂಬುದನ್ನು ನೋಡಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಐದು ಅಥವಾ ಹೆಚ್ಚು ವಲಸೆಗಾರರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ ಅದರ ರಕ್ಷಣೆಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಇದರ ಸ್ಥಾನವನ್ನು ಪಡೆದಿವೆ. ತಾನಾಗಿಯೇ ರೈಲು ಹತ್ತಿ ಬಂದವನನ್ನೂ ಹೊಸ ಸಂಹಿತೆಯು ವಲಸೆ ಕಾರ್ಮಿಕನೆಂದು ಗಣಿಸುತ್ತದೆ; ಆದರೆ ಅಂಥವರು ಹತ್ತು ಅಥವಾ ಹೆಚ್ಚು ಮಂದಿ ಇದ್ದಲ್ಲಿ ಮಾತ್ರ ಆ ವಿಧಿಗಳು ಅನ್ವಯಿಸುತ್ತವೆ. ನೇಮಕಪತ್ರ, ವಾರಕ್ಕೊಂದು ರಜೆ, ಹೆಚ್ಚುವರಿ ವೇಳೆಯ ದುಡಿಮೆಗೆ ಇಮ್ಮಡಿ ವೇತನ, ವರುಷಕ್ಕೊಮ್ಮೆ ಸ್ವಂತ ಊರಿಗೆ ಹೋಗಿಬರುವ ಪ್ರಯಾಣದ ವೆಚ್ಚ, ಇವು ಯಜಮಾನನ ಕೃಪೆಗೆ ಬಿಟ್ಟ ವಿಷಯಗಳಲ್ಲ.

ಇಪ್ಪತ್ತೈದು ಮಂದಿ ದುಡಿಯುವ ಒಂದು ಅಕ್ಕಿಗಿರಣಿಯನ್ನು ಊಹಿಸಿಕೊಳ್ಳಬಹುದು. ಅವರಲ್ಲಿ ಹದಿನೈದು ಮಂದಿ ಹೊರರಾಜ್ಯದವರು. ಒಬ್ಬನ ತಿಂಗಳ ವೇತನ 15,000 ರೂಪಾಯಿ ಎಂದಿಟ್ಟುಕೊಂಡರೆ ವರುಷಕ್ಕೆ 1,80,000 ಆಗುತ್ತದೆ. ಯಜಮಾನನ ಮನಸ್ಸಿನಲ್ಲಿ ಲೆಕ್ಕವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಧರ್ಮದ ಲೆಕ್ಕ ಇಲ್ಲಿಂದ ಆರಂಭವಾಗುತ್ತದೆ. ಭವಿಷ್ಯನಿಧಿಗೆ ಯಜಮಾನನ ಪಾಲು ನೂರಕ್ಕೆ 12ರಂತೆ 21,600. ಕಾರ್ಮಿಕ ರಾಜ್ಯ ವಿಮೆಗೆ ನೂರಕ್ಕೆ 3.25ರಂತೆ 5,850. ಬೋನಸ್ಸನ್ನು ನೂರಕ್ಕೆ 8.33ರಂತೆ ಪೂರ್ಣ ವೇತನದ ಮೇಲೆ ಎಣಿಸಿದರೆ 14,994. ಗ್ರಾಚ್ಯುಟಿಗಾಗಿ ವರುಷಕ್ಕೆ ಹದಿನೈದು ದಿನಗಳ ವೇತನ, ತಿಂಗಳಿಗೆ ಇಪ್ಪತ್ತಾರು ದಿನಗಳೆಂಬ ಗಣನೆಯಲ್ಲಿ, ಸುಮಾರು 8,654. ಊರಿಗೆ ಹೋಗಿಬರುವ ರೈಲಿನ ಖರ್ಚಿಗೆ 3,000 ಹಿಡಿದರೆ ಒಟ್ಟು 54,098 ರೂಪಾಯಿ ಹೆಚ್ಚಾಗುತ್ತದೆ. ಎಂದರೆ, ಕೈಗೆ ಕೊಡುವ ಪ್ರತಿ ನೂರು ರೂಪಾಯಿಯ ಹಿಂದೆ ಇನ್ನೂ ಮೂವತ್ತು ರೂಪಾಯಿ ನಿಂತಿದೆ. ಭವಿಷ್ಯನಿಧಿಯ ಆಡಳಿತ ವೆಚ್ಚ, ವಸತಿ, ಕುಡಿಯುವ ನೀರು, ಶೌಚಾಲಯ ಇವು ಬೇರೆ. ಇಪ್ಪತ್ತು ದಿನ ದುಡಿದವನಿಗೆ ಒಂದು ದಿನದಂತೆ ಗಳಿಕೆಯ ರಜೆ ಸಲ್ಲುವುದರಿಂದ, ಅವನು ಊರಿಗೆ ಹೋದಾಗ ಬದಲಿ ಆಳಿನ ಕೂಲಿಯನ್ನೂ ಎಣಿಸಬೇಕು.

ಈ ಮೂವತ್ತು ರೂಪಾಯಿ ಯಾರದು? ಚರ್ಚೆಯ ತಿರುಳು ಇಲ್ಲಿದೆ. ಅದು ಯಜಮಾನನದೆಂದು ಭಾವಿಸಿದರೆ, ಕೊಡುವುದು ಔದಾರ್ಯವಾಗುತ್ತದೆ, ಕೊಡದಿರುವುದು ಜಾಣತನವಾಗುತ್ತದೆ. ಅದು ದುಡಿದವನದೇ ಎಂದು ಭಾವಿಸಿದರೆ, ಕೊಡುವುದು ಋಣ ತೀರಿಸುವಿಕೆ, ಕೊಡದಿರುವುದು ಅಪಹರಣ. ಶರಣರ ನಿಲುವು ಎರಡನೆಯದು ಎಂಬುದರಲ್ಲಿ ಸಂದೇಹವಿಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯನ್ನು ಅವನು ಕದ್ದಿರಲಿಲ್ಲ. ನೆಲಕ್ಕೆ ಬಿದ್ದುದನ್ನು ಆಯ್ದಿದ್ದನು. ಆದರೂ ತಮ್ಮ ಅಗತ್ಯಕ್ಕೆ ಮೀರಿದುದು ತಮ್ಮದಲ್ಲವೆಂದು ಆ ತಾಯಿ ತೀರ್ಮಾನಿಸಿದಳು. ನೆಲಕ್ಕೆ ಬಿದ್ದ ಅಕ್ಕಿಯನ್ನೇ ಹಿಂದಿರುಗಿಸಿದವರ ಕತೆಯನ್ನು ಪುರಾಣದಲ್ಲಿ ಕೇಳಿ ತಲೆದೂಗಿದ ಗಿರಣಿಯ ಯಜಮಾನನು, ಮೂಟೆ ಹೊತ್ತವನ ಭವಿಷ್ಯನಿಧಿಯನ್ನು ಉಳಿಸಿಕೊಂಡರೆ, ಅವನು ಕೇಳಿದ್ದು ಕತೆಯನ್ನಷ್ಟೇ, ತತ್ತ್ವವನ್ನಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹಬ್ಬಕ್ಕೆ ಆಳುಗಳಿಗೆ ಹೊಸ ಬಟ್ಟೆ ಕೊಡಿಸುವ, ಜಾತ್ರೆಯ ದಾಸೋಹಕ್ಕೆ ನೂರು ಚೀಲ ಅಕ್ಕಿ ಕಳುಹಿಸುವ ಯಜಮಾನರು ಬಹಳ ಮಂದಿ. ಅವರ ಭಕ್ತಿ ಕಪಟವೆಂದು ಹೇಳಲಾಗದು. ಆದರೆ ಕಾಯಕವು ಶುದ್ಧವಾಗಿದ್ದರೆ ಮಾತ್ರ ಅದರಿಂದ ಬಂದ ದಾಸೋಹವು ಶುದ್ಧವೆಂಬುದು ಶರಣಧರ್ಮದ ಮೊದಲ ಪಾಠ. ಸಲ್ಲಬೇಕಾದವನಿಗೆ ಸಲ್ಲದೆ ಉಳಿದ ಹಣದಿಂದ ಬಡಿಸಿದ ಅನ್ನವು ಅನ್ನವೇ ಹೊರತು ಪ್ರಸಾದವಾಗಲಾರದು. ಬಟ್ಟೆಗೆ ಅವನು ಕೈಮುಗಿಯುತ್ತಾನೆ. ಭವಿಷ್ಯನಿಧಿಗೆ ಕೈಮುಗಿಯುವುದಿಲ್ಲ, ಏಕೆಂದರೆ ಅದು ಅವನದೇ. ಕೈಮುಗಿಸಿಕೊಳ್ಳುವ ಆಸೆಯನ್ನು ಬಿಟ್ಟು ಕೊಡುವುದು ದಾನಕ್ಕಿಂತ ಕಠಿನವಾದ ಸಾಧನೆ.

ಇದಕ್ಕೆ ವ್ಯವಹಾರಸ್ಥರು ಎತ್ತುವ ಆಕ್ಷೇಪಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪಕ್ಕದ ಗಿರಣಿಯವನು ಇದಾವುದನ್ನೂ ಕಟ್ಟದೆ ಅಕ್ಕಿಯನ್ನು ಕಡಿಮೆ ದರಕ್ಕೆ ಮಾರುತ್ತಾನೆ. ಕಟ್ಟುವವನು ನಷ್ಟಕ್ಕೆ ಬೀಳುತ್ತಾನೆ ಎಂಬುದು ಮೊದಲನೆಯ ಆಕ್ಷೇಪ. ಈ ಕಷ್ಟವು ನಿಜವಾದುದು. ಆದರೆ ತೂಕದಲ್ಲಿ ಮೋಸ ಮಾಡುವ ನೆರೆಯವನೂ ಕಡಿಮೆ ದರಕ್ಕೇ ಮಾರುತ್ತಾನೆ. ಅದರಿಂದ ಕಳ್ಳತೂಕವು ಧರ್ಮವಾಗಲಿಲ್ಲ. ಮಾಡಬೇಕಾದುದು, ವರುಷದ ಆರಂಭದಲ್ಲಿಯೇ ಪೂರ್ಣ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಬರೆದು, ಅದರ ಮೇಲೆ ಸರಕಿನ ದರವನ್ನೂ ಆಳುಗಳ ಸಂಖ್ಯೆಯನ್ನೂ ನಿರ್ಧರಿಸುವುದು. ಇಪ್ಪತ್ತೈದು ಮಂದಿಯ ಪೂರ್ಣ ಪಾಲನ್ನು ಕೊಡಲಾಗದಿದ್ದರೆ ಇಪ್ಪತ್ತೆರಡು ಮಂದಿಯನ್ನಿಟ್ಟುಕೊಂಡು ಪೂರ್ಣವಾಗಿ ಕೊಡುವುದು ಲೇಸು. ವರುಷದ ಮೊದಲಲ್ಲಿ ಎಣಿಸದವನು ವರುಷದ ಕೊನೆಯಲ್ಲಿ ಯಾರದೋ ಪಾಲನ್ನು ಕತ್ತರಿಸಲೇಬೇಕಾಗುತ್ತದೆ. ಕತ್ತರಿಸುವ ಕತ್ತಿ ಯಾವಾಗಲೂ ಮಾತು ಬಾರದವನ ಮೇಲೆಯೇ ಬೀಳುತ್ತದೆ. ಅನೇಕ ಪಾಪಗಳು ದುಷ್ಟತನದಿಂದಲ್ಲ, ಮುಂದಾಲೋಚನೆಯ ಕೊರತೆಯಿಂದ ಹುಟ್ಟುತ್ತವೆ.

ಎರಡನೆಯ ಆಕ್ಷೇಪವು ಕೆಲಸಗಾರನ ಕಡೆಯಿಂದಲೇ ಬರುತ್ತದೆ. ಭವಿಷ್ಯನಿಧಿಗೆ ಅವನ ವೇತನದಿಂದಲೂ ನೂರಕ್ಕೆ 12, ವಿಮೆಗೆ 0.75 ಕಡಿತವಾಗುವುದರಿಂದ, ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 1,912 ರೂಪಾಯಿ 50 ಪೈಸೆ ಅವನ ಕೈಗೆ ಬಾರದು. ಊರಿನಲ್ಲಿ ಸಾಲ ಮಾಡಿ ಬಂದವನು ಕಡಿತ ಬೇಡ, ನಗದು ಕೊಡಿ ಎಂದು ಅಂಗಲಾಚಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವನ ಮಾತನ್ನೇ ನೆಪಮಾಡಿಕೊಂಡು ತನ್ನ ಪಾಲನ್ನೂ ಉಳಿಸಿಕೊಳ್ಳುವ ಯಜಮಾನನ ಬಗ್ಗೆ ಆಶ್ಚರ್ಯಪಡಬೇಕು. ಭವಿಷ್ಯನಿಧಿಯ ಖಾತೆಯ ಸಂಖ್ಯೆಯು ಒಬ್ಬನಿಗೆ ಒಂದೇ; ಅವನು ಬೆಂಗಳೂರನ್ನು ಬಿಟ್ಟು ಸೂರತ್ತಿಗೆ ಹೋದರೂ ಅದು ಅವನ ಜೊತೆಗೇ ಹೋಗುತ್ತದೆ ಎಂಬುದನ್ನು ಅವನ ಭಾಷೆಯಲ್ಲಿ, ಬಲ್ಲವರೊಬ್ಬರಿಂದ ಹೇಳಿಸುವುದು ಯಜಮಾನನ ಕರ್ತವ್ಯ. ತಿಳಿಯದವನ ಒಪ್ಪಿಗೆಯು ಒಪ್ಪಿಗೆಯೆನಿಸದು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ಉಪಾಯ. ಕೆಲಸಗಾರರು ತನ್ನವರಲ್ಲ, ಮೇಸ್ತ್ರಿಯ ಆಳುಗಳು ಎಂದು ಹೇಳಿ ಕೈತೊಳೆದುಕೊಳ್ಳುವುದೇ ಆ ಉಪಾಯ. ಗುತ್ತಿಗೆದಾರನು ವೇತನ ಕೊಡದಿದ್ದರೆ ಮೂಲ ಯಜಮಾನನೇ ಕೊಡಬೇಕೆಂದು ಕಾನೂನು ಸ್ಪಷ್ಟವಾಗಿ ಹೇಳಿದೆ. ಮುಂಗಡ ಹಣದ ನೆಪದಲ್ಲಿ ಆಳನ್ನು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆಯು ಅಪರಾಧವೆಂದು ಸಾರಿದೆ. ಕಾನೂನಿನ ಮಾತು ಹಾಗಿರಲಿ. ಮೂಟೆ ಏರಿದ್ದು ಯಾರ ಲಾರಿಗೆ? ಬೆವರು ಬಿದ್ದದ್ದು ಯಾರ ಅಂಗಳದಲ್ಲಿ? ಫಲವನ್ನು ಉಣ್ಣುವವನೇ ಋಣವನ್ನೂ ಹೊರಬೇಕು.

ಕೊನೆಯದಾಗಿ ಕಾನೂನಿನ ಎಲ್ಲೆಯ ಪ್ರಶ್ನೆ. ವಿಮೆಗೂ ಗ್ರಾಚ್ಯುಟಿಗೂ ಹತ್ತು ಮಂದಿ, ಭವಿಷ್ಯನಿಧಿಗೂ ಬೋನಸ್ಸಿಗೂ ಇಪ್ಪತ್ತು ಮಂದಿ ಎಂದು ಶಾಸನವು ಗೆರೆ ಎಳೆದಿದೆ. ವಲಸೆಗಾರರ ವಿಷಯದಲ್ಲಿ ಹಳೆಯ ಗೆರೆ ಐದಕ್ಕಿತ್ತು, ಈಗ ಹತ್ತಕ್ಕೆ ಏರಿದೆ. ಹಳೆಯ ಕಾಯಿದೆಯಲ್ಲಿದ್ದ ಸ್ಥಳಾಂತರ ಭತ್ಯೆ ಹೊಸ ಸಂಹಿತೆಯಲ್ಲಿಲ್ಲ. ರಾಯಚೂರಿನಿಂದ ಬೆಂಗಳೂರಿಗೆ ಬಂದವನು ರಾಜ್ಯದ ಗಡಿಯನ್ನು ದಾಟದಿರುವುದರಿಂದ ಅಂತರರಾಜ್ಯದ ಪ್ರಯಾಣವೆಚ್ಚ ಅವನಿಗಿಲ್ಲ. ಸರಕಾರವು ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಅದು ಆಡಳಿತದ ಅಗತ್ಯ. ಆದರೆ ಎಂಟು ಮಂದಿಯನ್ನು ಇಟ್ಟುಕೊಂಡಿರುವ ಗೃಹಸ್ಥನ ಧರ್ಮವು ಆ ಗೆರೆಯೊಡನೆ ಏರಿಳಿಯುವುದೇ? ಇಪ್ಪತ್ತನೆಯವನನ್ನು ಪುಸ್ತಕಕ್ಕೆ ಸೇರಿಸದೆ ಹತ್ತೊಂಬತ್ತರಲ್ಲೇ ಲೆಕ್ಕವನ್ನು ನಿಲ್ಲಿಸುವವನು ಕಾನೂನನ್ನು ಮಾತ್ರ ವಂಚಿಸುತ್ತಿಲ್ಲ. ತನ್ನ ಲಿಂಗಸಾಕ್ಷಿಯನ್ನೇ ವಂಚಿಸುತ್ತಿದ್ದಾನೆ. ಕಾನೂನು ಕನಿಷ್ಠವನ್ನು ಹೇಳುತ್ತದೆ. ಧರ್ಮವು ಆ ಕನಿಷ್ಠದಿಂದ ಮೇಲಕ್ಕೆ ನಡೆಯಲು ಹೇಳುತ್ತದೆ. ಎಂಟು ಮಂದಿಯ ಯಜಮಾನನೂ ಊರಿಗೆ ಹೋಗಿಬರುವ ಖರ್ಚನ್ನು, ಕಾಯಿಲೆಯ ಕಾಲಕ್ಕೊಂದು ಮೊತ್ತವನ್ನು, ಬಿಟ್ಟುಹೋಗುವ ದಿನಕ್ಕೊಂದು ಉಳಿತಾಯವನ್ನು ಅವನ ಹೆಸರಿನಲ್ಲಿ ತೆಗೆದಿಡಬಹುದು. ತಡೆಯುವವರು ಯಾರೂ ಇಲ್ಲ.

2020ರ ಮಾರ್ಚ್ ತಿಂಗಳಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಹೆದ್ದಾರಿಗಳಲ್ಲಿ ಮಕ್ಕಳನ್ನು ಹೆಗಲಿಗೇರಿಸಿ ನಡೆದುಹೋದವರನ್ನು ಜಗತ್ತೇ ನೋಡಿತು. ದಾರಿಯುದ್ದಕ್ಕೂ ಅನ್ನ ಬಡಿಸಿದ ಕೈಗಳು ಪುಣ್ಯವಂತ ಕೈಗಳು. ಆದರೂ ವರುಷಗಟ್ಟಲೆ ದುಡಿದವನ ಹತ್ತಿರ ಎರಡು ವಾರ ಕುಳಿತು ಉಣ್ಣುವಷ್ಟು ಹಣವೂ ಏಕೆ ಇರಲಿಲ್ಲ ಎಂಬ ಪ್ರಶ್ನೆಗೆ ದಾರಿಯ ಅನ್ನವು ಉತ್ತರವಲ್ಲ. ಉತ್ತರವು ಸಾವಿರಾರು ಲೆಕ್ಕದ ಪುಸ್ತಕಗಳಲ್ಲಿ, ಬರೆಯದೆ ಬಿಟ್ಟ ಸಾಲುಗಳಲ್ಲಿ ಅಡಗಿದೆ. ಆ ಸಾಲುಗಳನ್ನು ಬರೆದು ತುಂಬುವುದೇ ಈ ಕಾಲದ ಗೃಹಸ್ಥನ ಕಾಯಕಶುದ್ಧಿ. ಬರುವ ದೀಪಾವಳಿಗೆ ಹೊಸ ಪುಸ್ತಕವನ್ನು ತೆರೆಯುವವರು ಮೊದಲ ಪುಟದಲ್ಲಿ ಶ್ರೀಕಾರವನ್ನು ಬರೆದ ಮೇಲೆ, ಎರಡನೆಯ ಪುಟದಲ್ಲಿ ತಮ್ಮಲ್ಲಿ ದುಡಿಯುವ ಒಬ್ಬೊಬ್ಬನ ಹೆಸರು, ಅವನ ಊರು, ಅವನಿಗೆ ವರುಷದಲ್ಲಿ ಸಲ್ಲಬೇಕಾದ ಪೂರ್ಣ ಮೊತ್ತವನ್ನು ಬರೆಯಲಿ. ಮಿಕ್ಕ ಲಾಭವನ್ನು ಅನಂತರ ಎಣಿಸಿದರೆ ಸಾಕು. ಆ ಲಾಭದಿಂದ ಮಾಡಿದ ದಾಸೋಹವು ದಾಸೋಹವೆನಿಸುವುದು.