ಕಡಗ ತೊಟ್ಟವರ ಆಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಜಾತ್ರೆಯ ಬಯಲು ಕುಸ್ತಿ ನೋಡಿ ಬೆಳೆದವರಿಗೆ ಇದು ಗೊತ್ತಿರುತ್ತದೆ: ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ತೊಡಿಸುತ್ತಾರೆ, ಕೈಗೆ ನಗದು ಇಡುತ್ತಾರೆ. ಅದರಿಂದ ಅವನ ಪಟ್ಟು ಮೈಲಿಗೆಯಾಯಿತೆಂದು ಯಾರೂ ಅನ್ನುವುದಿಲ್ಲ. ಜನ ಸಿಟ್ಟಾಗುವುದು ಇಬ್ಬರೂ ಮೊದಲೇ ಮಾತಾಡಿಕೊಂಡು ಕಣಕ್ಕಿಳಿದಿದ್ದಾರೆಂಬ ಗುಮಾನಿ ಬಂದಾಗ. ಹಣಕ್ಕೆ ಆಡುವುದಕ್ಕೂ ಹಣಕ್ಕೆ ಸೋಲುವುದಕ್ಕೂ ಇರುವ ಈ ಅಂತರ ಒಲಿಂಪಿಕ್ಸ್ ನಡೆಸಿದ ದೊಡ್ಡವರಿಗೆ ಬಹುಕಾಲ ಹೊಳೆಯಲೇ ಇಲ್ಲ.

ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಮರುವರ್ಷ ಪದಕಗಳನ್ನು ಕಿತ್ತುಕೊಂಡರು. ತಪ್ಪೇನು? ಅದಕ್ಕೂ ಮೊದಲು ಚಿಲ್ಲರೆ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದು. ತಕರಾರು ಕೂಟ ಮುಗಿದ ಮೂವತ್ತು ದಿನದೊಳಗೆ ಬರಬೇಕೆಂಬ ನಿಯಮವಿತ್ತು; ಬಂದದ್ದು ತಿಂಗಳುಗಳ ಮೇಲೆ. 1915ರಲ್ಲಿ ಥೋರ್ಪ್ ಬಹಿರಂಗವಾಗಿಯೇ ಪಂದ್ಯಕ್ಕೆ 250 ಡಾಲರ್ ಪಡೆದು ಕ್ಯಾಂಟನ್ ಬುಲ್‌ಡಾಗ್ಸ್ ಪರ ಅಮೆರಿಕನ್ ಫುಟ್‌ಬಾಲ್ ಆಡತೊಡಗಿದರು. 1920ರಲ್ಲಿ ವೃತ್ತಿಪರ ತಂಡಗಳ ಸಂಘಕ್ಕೆ (ಅದೇ ಇಂದಿನ ಎನ್‌ಎಫ್‌ಎಲ್) ಮೊದಲ ಅಧ್ಯಕ್ಷರಾದರು. ತೀರಿಕೊಂಡದ್ದು 1953ರಲ್ಲಿ. ಆ ಎರಡೂ ಚಿನ್ನದ ಏಕೈಕ ವಿಜೇತ ಅವರೇ ಎಂದು ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ!

ಇದೇ ನಿಯಮದ ನೆರಳಲ್ಲಿ ಆಡಿದವರು ನಮ್ಮ ಬೆಂಗಳೂರಿನ ಫುಟ್‌ಬಾಲಿಗ ಅಹ್ಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ತಂಡದಲ್ಲಿದ್ದರು. ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಅಲ್ಲಿನ ಜನ ಆ ಐವರು ಮುನ್ಪಡೆ ಆಟಗಾರರನ್ನು ಪಂಚಪಾಂಡವರೆಂದೇ ಕರೆದರು. ಮನೆ, ಊರು, ಭಾಷೆ ಬಿಟ್ಟು ಯೌವನವನ್ನೆಲ್ಲ ಒಂದು ಆಟಕ್ಕೆ ಕೊಡುವುದು ವೃತ್ತಿಯಲ್ಲದೆ ಇನ್ನೇನು? ಆದರೂ ಒಲಿಂಪಿಕ್ಸ್‌ಗೆ ಹೋಗುವವರು ಕಾಗದದ ಮೇಲೆ ಹವ್ಯಾಸಿಗಳೇ ಆಗಿರಬೇಕಿತ್ತು. ಟಿಕೆಟ್ ಮಾರುವವರಿಗೆ ಹಣದ ಮೈಲಿಗೆ ಇಲ್ಲ, ಮೊಣಕಾಲು ಒಡ್ಡುವವರಿಗೆ ಮಾತ್ರ!

ಪ್ರೀತಿಗಾಗಿ ಆಡುವವರ ಆಟವೇ ಬೇರೆ ಎಂದು ಹಾಸ್ಟೆಲ್ಲಿನ ಗೆಳೆಯರು ವಾದಿಸುತ್ತಾರೆ. ಇರಬಹುದು. ಆದರೆ ಹತ್ತು ವರ್ಷ ಬರೀ ಪ್ರೀತಿಗಾಗಿ ಆಡಬಲ್ಲವರು ಯಾರು? ಮನೆಯಲ್ಲಿ ಹಗೇವು ತುಂಬಿದವರು. ಹವ್ಯಾಸಿಯ ಪಾವಿತ್ರ್ಯ ಹೊಟ್ಟೆ ತುಂಬಿದವರು ಬರೆದ ನಿಯಮವೆಂದೇ ನನ್ನ ಅನಿಸಿಕೆ.

ಗೆಳೆಯರ ಮಾತಿನಲ್ಲಿ ಒಂದನ್ನು ಮಾತ್ರ ತಳ್ಳಿಹಾಕಲಾರೆ. ಸಂಬಳದ ಜೊತೆ ಒಬ್ಬ ಧಣಿಯೂ ಬರುತ್ತಾನೆ. ಜಾತ್ರೆಯ ಪೈಲ್ವಾನ ಕಡಗ ತೊಟ್ಟು ಸಂಜೆಗೆ ತನ್ನೂರಿನ ಬಸ್ ಹತ್ತುತ್ತಾನೆ. ಮುಂದಿನ ಜಾತ್ರೆಗೆ ಹೋಗುವುದು ಬಿಡುವುದು ಅವನ ಇಷ್ಟ. ಇಂದಿನ ಕಬಡ್ಡಿ ಲೀಗಿನ ಆಟಗಾರ ಯಾವ ಊರಿನ ಪರ ತೊಡೆ ತಟ್ಟಬೇಕೆಂಬುದು ಹರಾಜಿನಲ್ಲಿ ತೀರ್ಮಾನವಾಗುತ್ತದೆ.